ಅರಸನ ಬಟ್ಟೆ, ಕಮ್ಮಾರನ ನಡಿಗೆ: ಮಧುಗಿರಿ ಕೋಟೆಯಲ್ಲಿ ತದ್ರೂಪಿಗಳ ಐತಿಹಾಸಿಕ ಸಿನಿಮಾ ತೆಗೆಯುವ ಬಗೆ

ಪಾಳೇಗಾರನ ಮಗನೊಬ್ಬ, ಥೇಟ್ ಅವನ ಹಾಗೇ ಇರುವ ಕಮ್ಮಾರನ ಮಗನೊಬ್ಬ. ಇಬ್ಬರೂ ಬಟ್ಟೆ ಅದಲು ಬದಲು ಮಾಡಿಕೊಳ್ಳುತ್ತಾರೆ. ಅರಸುಮಗ ಕುಲುಮೆ ಸೇರುತ್ತಾನೆ, ಕಮ್ಮಾರ ಗಾದಿಯ ಮೇಲೆ ಕೂರುತ್ತಾನೆ. ಕೇಳುವುದಕ್ಕೆ ಇಷ್ಟೇ. ತೆಗೆಯಲು ಹೊರಟರೆ ಮಾತ್ರ ಎರಡು ಕಡೆ ಕೆಡುತ್ತದೆ. ಯಾರಿಗೆ ಏನು ಗೊತ್ತು ಅನ್ನುವ ಲೆಕ್ಕ ಕಥೆಯಲ್ಲಿ ತಪ್ಪುತ್ತದೆ, ಇಲ್ಲವೇ ಒಬ್ಬನೇ ನಟ ಇಬ್ಬರಾಗಿ ನಿಂತ ಶಾಟಿನಲ್ಲಿ ಎರಡು ಅರ್ಧ ಚಿತ್ರ ಕೂಡಿಸಿದ ನಡುವಿನ ಗೆರೆ ಎದ್ದು ಕಾಣುತ್ತದೆ. ಹೊಸಬರು ಎರಡನೆಯದಕ್ಕೆ ಹೆದರುತ್ತಾರೆ. ಹೆಚ್ಚು ಸಿನಿಮಾ ಹಾಳಾಗುವುದು ಮೊದಲನೆಯದರಿಂದ.

ತುಮಕೂರು ಜಿಲ್ಲೆಯಲ್ಲಿ ಇಂಥ ಚಿತ್ರಕ್ಕೆ ಬೇಕಾದ ಸಾಮಗ್ರಿ ಬೇಕಾದಷ್ಟಿದೆ. ಮಧುಗಿರಿಯ ಏಕಶಿಲಾ ಬೆಟ್ಟ ಮತ್ತು ಕೋಟೆ, ಪಾವಗಡದ ಕೋಟೆ, ಪೌರಾಣಿಕ ನಾಟಕಗಳಿಗೆ ಡ್ರೆಸ್ ಬಾಡಿಗೆ ಕೊಡುವ ಡ್ರಾಮಾ ಸೀನರಿಯವರು, ಇಡೀ ನಾಟಕವನ್ನು ಬಾಯಿಪಾಠ ಇಟ್ಟುಕೊಂಡಿರುವ ಹಳ್ಳಿಯ ಕಲಾವಿದರು, ಹಾರ್ಮೋನಿಯಂ ಮೇಷ್ಟ್ರುಗಳು, ಎಲ್ಲರೂ ಕೈಗೆ ಸಿಗುತ್ತಾರೆ. ಒಂದು ಸಾಧಾರಣ ಕ್ಯಾಮೆರಾ, ಅಲುಗದ ಒಂದು ಟ್ರೈಪಾಡ್, ಲ್ಯಾಪ್‌ಟಾಪ್ ಇರುವ ಸಣ್ಣ ತಂಡವೂ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಹುದು. ಅದಕ್ಕೆ ಬೇಕಾದ ಲೆಕ್ಕಾಚಾರವನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ.

ಮುಖ ಯಾರಿಗೂ ಗೊತ್ತಿಲ್ಲದ ಕಾಲ

ಅದಲು ಬದಲಿನ ಕಥೆ ಐತಿಹಾಸಿಕವೇ ಆಗಿರಬೇಕು ಏಕೆ? ಫೋಟೋ ಬರುವ ಮೊದಲು ಅರಸನ ಮುಖವನ್ನು ಹತ್ತಿರದಿಂದ ಕಂಡವರು ಬೆರಳೆಣಿಕೆಯ ಜನ. ಉಳಿದವರಿಗೆ ಅರಸ ಎಂದರೆ ಛತ್ರಿ, ಚಾಮರ, ಕುದುರೆ, ಮುಂದೆ ಕೂಗುವ ಹೊಗಳುಭಟ. ಆಜ್ಞೆ ಅರಸನದು ಅನ್ನುವುದಕ್ಕೆ ಸಾಕ್ಷಿ ಮುದ್ರೆ, ಮುಖವಲ್ಲ. ಹೀಗಾಗಿ ಆ ಕಾಲದಲ್ಲಿ ಬಟ್ಟೆ ಮತ್ತು ಮುದ್ರೆ ಯಾರ ಹತ್ತಿರ ಇದೆಯೋ ಅವನೇ ಅರಸ ಎಂದು ಊರು ನಂಬಿದರೆ ಪ್ರೇಕ್ಷಕರೂ ನಂಬುತ್ತಾರೆ. ಇದೇ ಕಥೆಯನ್ನು ಇಂದಿಗೆ ತಂದು ಕೂರಿಸಿದರೆ ಬೆರಳಚ್ಚು, ಮೊಬೈಲ್, ಗುರುತಿನ ಚೀಟಿಗಳಿಗೆಲ್ಲ ಸಬೂಬು ಹುಡುಕುವುದರಲ್ಲೇ ಅರ್ಧ ಸಿನಿಮಾ ಮುಗಿದುಹೋಗುತ್ತದೆ.

ನಮ್ಮ ನಾಡಿನ ಚರಿತ್ರೆಯಲ್ಲೇ ಇದಕ್ಕೆ ಗಟ್ಟಿ ಆಧಾರವಿದೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರಿನ ಗಾದಿಗೆ ದತ್ತು ಬಂದಿದ್ದ ಚೆನ್ನಬಸಪ್ಪ ನಾಯಕ ಕೊಲೆಯಾದನೆಂಬ ಸುದ್ದಿಯಿತ್ತು. ರಾಣಿ ವೀರಮ್ಮಾಜಿ ಸೋಮಶೇಖರನನ್ನು ದತ್ತು ತೆಗೆದುಕೊಂಡು ಆಳುತ್ತಿದ್ದಳು. ಆಗ, ತಾನೇ ಆ ಚೆನ್ನಬಸಪ್ಪ, ಸತ್ತಿಲ್ಲ, ಎಂದು ಹೇಳಿಕೊಂಡು ಒಬ್ಬ ಯುವಕ ಚಿತ್ರದುರ್ಗದ ಕಡೆಯಿಂದ ಹೈದರ್ ಅಲಿಯ ಮುಂದೆ ಬಂದ. ಅವನ ಹಕ್ಕನ್ನು ಎತ್ತಿ ಹಿಡಿಯುವ ನೆಪದಲ್ಲಿ ಹೈದರ್ ದಂಡೆತ್ತಿ ಹೋಗಿ 1763ರ ಮೊದಲ ತಿಂಗಳುಗಳಲ್ಲಿ ಬಿದನೂರನ್ನು ಹಿಡಿದ. ರಾಣಿಯನ್ನೂ ದತ್ತುಮಗನನ್ನೂ ತಂದು ಸೆರೆಯಿಟ್ಟದ್ದು ಇದೇ ಮಧುಗಿರಿ ಕೋಟೆಯಲ್ಲಿ. 1767ರಲ್ಲಿ ಮರಾಠರು ಕೋಟೆ ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಇಲ್ಲಿ ಗಮನಿಸಬೇಕಾದದ್ದು, ಬಂದವನು ನಿಜವಾದ ಅರಸುಮಗನೋ ಅಲ್ಲವೋ ಎಂಬುದು ಯುದ್ಧಕ್ಕೆ ಮುಖ್ಯವೇ ಆಗಲಿಲ್ಲ. ಅವನನ್ನು ಅರಸುಮಗನೆಂದು ಒಪ್ಪಿಕೊಂಡರೆ ಯಾರಿಗೆ ಲಾಭ ಅನ್ನುವುದಷ್ಟೇ ಮುಖ್ಯವಾಯಿತು. ಚಿತ್ರಕಥೆ ಬರೆಯುವವರು ಈ ಎಳೆಯನ್ನು ಬಿಡಬಾರದು. ತದ್ರೂಪಿಯ ಗುಟ್ಟು ಗೊತ್ತಿದ್ದೂ ಸುಮ್ಮನಿರುವ ದಳವಾಯಿ, ಏನೂ ಗೊತ್ತಾಗದೆ ಮೋಸಹೋಗುವ ದಳವಾಯಿಗಿಂತ ಹತ್ತು ಪಾಲು ಒಳ್ಳೆಯ ಪಾತ್ರ.

ಪ್ರತಿ ದೃಶ್ಯಕ್ಕೂ ಎರಡು ಹೆಸರು

ಅದಲು ಬದಲಾದ ಕ್ಷಣದಿಂದ ಪ್ರತಿ ದೃಶ್ಯದಲ್ಲೂ ನಾಯಕನಿಗೆ ಎರಡು ಹೆಸರಿರುತ್ತದೆ: ಅವನು ನಿಜವಾಗಿ ಯಾರು, ಎದುರಿನವರು ಅವನನ್ನು ಯಾರೆಂದು ತಿಳಿದಿದ್ದಾರೆ. ಈ ಎರಡನ್ನೂ ಬೇರೆ ಬೇರೆ ಕಲಂಗಳಲ್ಲಿ ಬರೆದಿಟ್ಟುಕೊಳ್ಳದೆ ಶೂಟಿಂಗಿಗೆ ಹೋದ ತಂಡ ಮೂರನೇ ದಿನವೇ ಗೊಂದಲಕ್ಕೆ ಬೀಳುತ್ತದೆ, ಏಕೆಂದರೆ ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ, ಜಾಗದ ಕ್ರಮದಲ್ಲಿ ತೆಗೆಯುತ್ತಾರೆ. ಕೋಟೆಬಾಗಿಲಿನ ಮುಂದೆ ಬೆಳಿಗ್ಗೆ ಅಸಲಿ ಅರಸು, ಮಧ್ಯಾಹ್ನ ಅದೇ ಬಟ್ಟೆಯಲ್ಲಿ ಕಮ್ಮಾರ. ನಟನಿಗೇ ತಾನು ಯಾರೆಂದು ಮರೆತುಹೋಗುತ್ತದೆ.

ಒಂದು ರೂಲು ಎಳೆದ ನೋಟ್‌ಬುಕ್ ಸಾಕು. ದೃಶ್ಯದ ಸಂಖ್ಯೆ, ನಿಜವಾದ ವ್ಯಕ್ತಿ, ಎದುರಿನವರ ತಿಳುವಳಿಕೆ, ಬಟ್ಟೆ, ಮೈಮೇಲಿನ ಗುರುತು, ಮುದ್ರೆ ಯಾರ ಬಳಿ ಇದೆ, ಗುಟ್ಟು ಯಾರಿಗೆಲ್ಲ ಗೊತ್ತು. ಏಳು ಕಲಂ. ಕೊನೆಯ ಕಲಂ ಅತಿ ಮುಖ್ಯ. ಅದರಲ್ಲಿ ಹೆಸರು ಸೇರುತ್ತಾ ಹೋಗಬೇಕು, ಒಮ್ಮೆ ಸೇರಿದ ಹೆಸರು ಆ ಪಾತ್ರ ಸಾಯುವವರೆಗೆ ಅಳಿಯಬಾರದು. ಇಪ್ಪತ್ತನೇ ದೃಶ್ಯದಲ್ಲಿ ಗುಟ್ಟು ತಿಳಿದ ದಾದಿ ಮೂವತ್ತನೇ ದೃಶ್ಯದಲ್ಲಿ ಏನೂ ಅರಿಯದವಳಂತೆ ಬೆಚ್ಚಿಬಿದ್ದರೆ ಪ್ರೇಕ್ಷಕರು ಕಥೆಯ ಕೈಬಿಡುತ್ತಾರೆ.

ಬಟ್ಟೆ ಜಾಗಕ್ಕೆ ಸೇರಿದ್ದು, ಚರ್ಯೆ ಮನುಷ್ಯನಿಗೆ ಸೇರಿದ್ದು. ಈ ಬಗೆಯ ಚಿತ್ರದ ತಳಹದಿಯೇ ಇದು. ಅದಲು ಬದಲಾದ ಮೇಲೆ ಬಟ್ಟೆ ನೋಡಿ ಗುರುತು ಹಿಡಿಯುವಂತಿಲ್ಲವಾದ್ದರಿಂದ ಪ್ರೇಕ್ಷಕರಿಗೆ ಬೇರೆ ಗುರುತು ಬೇಕು, ಅದನ್ನು ಅದಲು ಬದಲಿಗೆ ಮೊದಲೇ ಕನಿಷ್ಠ ಎರಡು ಸಲ ತೋರಿಸಿರಬೇಕು. ಮಚ್ಚೆ, ಗಾಯದ ಗುರುತುಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ದೂರದ ಶಾಟಿನಲ್ಲಿ ಕಾಣುವುದಿಲ್ಲ, ಮೇಕಪ್ ಮರೆತರೆ ಇಡೀ ದೃಶ್ಯ ದಂಡ. ದೇಹದ ಅಭ್ಯಾಸವೇ ಒಳ್ಳೆಯದು. ಕಮ್ಮಾರನ ಮಗನಿಗೆ ಬಲತೋಳು ಭಾರ. ನಿಂತಾಗ ಬಲಭುಜ ಸ್ವಲ್ಪ ಇಳಿದಿರುತ್ತದೆ. ಕತ್ತಿಯನ್ನು ಸುತ್ತಿಗೆಯ ಕಾವು ಹಿಡಿದಂತೆ ಮುಷ್ಟಿ ಬಿಗಿದು ಹಿಡಿಯುತ್ತಾನೆ, ಹೆಬ್ಬೆರಳು ಎಂದೂ ಹಿಡಿಯ ಮೇಲಕ್ಕೆ ಬರುವುದಿಲ್ಲ. ಕಿಡಿ ಹಾರುವ ಕಡೆಗೆ ಕಣ್ಣು ಕಿರಿದು ಮಾಡಿ ನೋಡುವ ರೂಢಿ ಅವನದು, ಹಾಗಾಗಿ ದೀಪದ ಮುಂದೆಯೂ ಕಣ್ಣು ಕಿರಿದಾಗುತ್ತದೆ. ಅರಸುಮಗ ಕೂರುವಾಗ ಹಿಂದೆ ತಿರುಗಿ ನೋಡುವುದಿಲ್ಲ, ಆಸನ ಯಾರಾದರೂ ಇಟ್ಟೇ ಇರುತ್ತಾರೆ. ಕಮ್ಮಾರ ಗಾದಿಯ ಮೇಲೆ ಕೂರುವ ಮೊದಲು ಒಂದು ಸಲ ಕೈಯಿಂದ ಮುಟ್ಟಿ ನೋಡುತ್ತಾನೆ. ಇಂಥ ಮೂರು ಅಭ್ಯಾಸ ಸಾಕು. ಐದಾರು ಕೊಟ್ಟರೆ ನಟನೆ ಪಟ್ಟಿ ಒಪ್ಪಿಸಿದಂತಾಗುತ್ತದೆ.

ಮಾತಿನಲ್ಲೂ ವ್ಯತ್ಯಾಸ ಇಡಬಹುದು. ಪಾವಗಡದ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗು ಸಹಜವಾಗಿ ಬೆರೆಯುತ್ತದೆ. ಕುಲುಮೆಯಲ್ಲಿ ಬೆಳೆದವನ ಬಾಯಲ್ಲಿ ಸಿಟ್ಟು ಬಂದಾಗ ತೆಲುಗು ಬರಲಿ, ಗಾದಿಯ ಮೇಲೆ ಕೂತು ಅದನ್ನು ಅವನು ನುಂಗಿಕೊಳ್ಳುವುದು ಕಾಣಲಿ. ಆದರೆ ಹಳ್ಳಿ ಮಾತನ್ನು ನಗಿಸುವುದಕ್ಕೆ ಬಳಸಬೇಡಿ. ಕಥೆ ಅವನನ್ನು ಗೌರವಿಸದಿದ್ದರೆ ಅವನು ಗಾದಿಯ ಮೇಲೆ ಕೂತಾಗ ಯಾರಿಗೂ ಏನೂ ಅನ್ನಿಸುವುದಿಲ್ಲ.

ಇನ್ನು ಪರೀಕ್ಷೆಗಳು. ತದ್ರೂಪಿಯನ್ನು ಯಾರು ಯಾರು ಪರೀಕ್ಷಿಸುತ್ತಾರೆ ಅನ್ನುವುದೇ ಚಿತ್ರದ ಮಧ್ಯಭಾಗ. ಕುದುರೆ ಹತ್ತಿರ ಬಿಡುತ್ತದೆಯೇ, ರುಜು ಹಾಕು ಅಂದಾಗ ಏನು ಮಾಡುತ್ತಾನೆ, ಸಾಕಿದ ತಾಯಿ ಎಷ್ಟು ಹೊತ್ತಿನಲ್ಲಿ ಹಿಡಿಯುತ್ತಾಳೆ. ಈ ಕ್ರಮ ಸುಲಭದಿಂದ ಕಷ್ಟಕ್ಕೆ ಏರಬೇಕು. ಮಾರ್ಕ್ ಟ್ವೇನ್ 1881ರ ತನ್ನ ರಾಜಕುಮಾರ-ಬಡಹುಡುಗನ ಕಾದಂಬರಿಯನ್ನು 1547ರಲ್ಲಿ, ಒಂಬತ್ತು ವರ್ಷದ ಆರನೇ ಎಡ್ವರ್ಡ್ ಇಂಗ್ಲೆಂಡಿನ ಗಾದಿಗೆ ಬಂದ ಸಂದರ್ಭದಲ್ಲಿ ಇಟ್ಟ. ಅದರಲ್ಲಿ ಕೊನೆಯ ಪರೀಕ್ಷೆ ರಾಜಮುದ್ರೆ ಎಲ್ಲಿದೆ ಎಂಬ ಪ್ರಶ್ನೆ. ಬಡಹುಡುಗ ಅದು ಏನೆಂದು ಗೊತ್ತಿಲ್ಲದೆ ಕಾಯಿ ಒಡೆಯಲು ಬಳಸಿರುತ್ತಾನೆ. ಮುದ್ರೆಯನ್ನು ಬಚ್ಚಿಟ್ಟವನು ಅಸಲಿ, ಮುದ್ರೆಯ ಉಪಯೋಗ ನಕಲಿಗೆ ಗೊತ್ತಿಲ್ಲ. ಒಂದೇ ವಸ್ತು ಇಬ್ಬರನ್ನೂ ಬೇರೆ ಮಾಡುತ್ತದೆ. ನಿಮ್ಮ ಕಥೆಯ ವಸ್ತುವಿಗೂ ಇಂಥ ಎರಡು ಮುಖ ಇರಲಿ.

ಒಂದು ಫ್ರೇಮ್, ಎರಡು ಟೇಕ್

ಕಂಪನಿ ನಾಟಕದ ಕಾಲದಲ್ಲಿ ಒಬ್ಬನೇ ಎರಡು ಪಾತ್ರ ಮಾಡಬೇಕಾದರೆ ಇಬ್ಬರನ್ನೂ ಒಟ್ಟಿಗೆ ತರುವಂತಿರಲಿಲ್ಲ. ಒಬ್ಬ ಒಳಗೆ ಹೋಗಬೇಕು, ಮುಂದಿನ ಪರದೆ ಇಳಿದು ಹಾಸ್ಯ ಪ್ರಸಂಗ ನಡೆಯಬೇಕು, ಅಷ್ಟರಲ್ಲಿ ಬಣ್ಣ ಬಟ್ಟೆ ಬದಲಿಸಿ ಇನ್ನೊಬ್ಬನಾಗಿ ಬರಬೇಕು. ಸಿನಿಮಾ ಹುಟ್ಟಿದ ಕೂಡಲೇ ಈ ಕಟ್ಟು ಹರಿಯಿತು. ಫ್ರಾನ್ಸಿನ ಜಾರ್ಜ್ ಮೆಲಿಯೆ 1900ರಲ್ಲಿ ತನ್ನನ್ನೇ ಏಳು ಜನ ವಾದ್ಯಗಾರರನ್ನಾಗಿ ಒಂದೇ ಫ್ರೇಮಿನಲ್ಲಿ ಕೂರಿಸಿ ತೋರಿಸಿದ. ನಮ್ಮಲ್ಲಿ ಡಬಲ್ ಆಕ್ಟಿಂಗ್ ಅಂದ ಕೂಡಲೇ ಹಲವರಿಗೆ ನೆನಪಾಗುವುದು 1977ರ ‘ಬಭ್ರುವಾಹನ’. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್, ಇಬ್ಬರೂ ಎದುರುಬದುರು ನಿಂತು ಹಾಡಿನಲ್ಲೇ ಜಗಳಕ್ಕಿಳಿಯುತ್ತಾರೆ. ಅಪ್ಪ ಮಗನ ನಿಲುವಿನಲ್ಲಿರುವ ವ್ಯತ್ಯಾಸ ನೋಡಿ ಕಲಿಯುವಂಥದ್ದು.

ಫಿಲ್ಮ್ ಕಾಲದ ವಿಧಾನ ತಿಳಿದರೆ ಇಂದಿನದು ತಾನಾಗಿ ಅರ್ಥವಾಗುತ್ತದೆ. ಲೆನ್ಸಿನ ಮುಂದೆ ಕಪ್ಪು ತಗಡಿನ ಮಾಸ್ಕ್ ಇಟ್ಟು ಫ್ರೇಮಿನ ಬಲ ಅರ್ಧ ಮುಚ್ಚುತ್ತಿದ್ದರು. ನಟ ಎಡಕ್ಕೆ ನಿಂತು ಅಭಿನಯಿಸಿದ ಮೇಲೆ ಫಿಲ್ಮನ್ನು ಶುರುವಿನ ಫ್ರೇಮಿಗೇ ಸರಿಯಾಗಿ ಹಿಂದಕ್ಕೆ ಸುತ್ತಿ, ಎಡ ಮುಚ್ಚಿ ಬಲ ತೆರೆದು, ವೇಷ ಬದಲಿಸಿದ ಅದೇ ನಟನನ್ನು ಅದೇ ಫಿಲ್ಮಿನ ಮೇಲೆ ಮತ್ತೆ ತೆಗೆಯುತ್ತಿದ್ದರು. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ, 400 ಅಡಿಯ ರೋಲು ನಾಲ್ಕೂವರೆ ನಿಮಿಷವೂ ಬರುವುದಿಲ್ಲ. ಎರಡನೇ ಸಲ ನಟ ಒಂದು ಮಾತು ತಪ್ಪಿದರೆ ಮೊದಲ ಸಲದ ಒಳ್ಳೆಯ ಅಭಿನಯವೂ ಅದರ ಜೊತೆಗೇ ಹೋಯಿತು. ಮಾಸ್ಕ್ ಲೆನ್ಸಿಗೆ ಬಹಳ ಹತ್ತಿರವಿದ್ದುದರಿಂದ ಅದರ ಅಂಚು ಮಸುಕಾಗಿ ಬೀಳುತ್ತಿತ್ತು, ಆ ಮಸುಕಿನಲ್ಲೇ ಎರಡು ಅರ್ಧಗಳು ಬೆರೆಯುತ್ತಿದ್ದವು. ನಡುವೆ ಯಾರಾದರೂ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಬದಲಿಸಿದರೆ ಅಂಚಿನ ಮಸುಕೂ ಬದಲಾಗಿ, ನಡುವೆ ಒಂದು ಕಪ್ಪು ಇಲ್ಲವೇ ಬಿಳಿ ಪಟ್ಟೆ ನಿಲ್ಲುತ್ತಿತ್ತು.

ಈಗ ಎರಡೂ ಟೇಕ್, ಅಂದರೆ ಒಂದೊಂದು ಸಲ ತೆಗೆದದ್ದು, ಬೇರೆ ಬೇರೆ ಫೈಲಾಗಿ ಉಳಿಯುತ್ತವೆ, ಮಾಸ್ಕ್ ಹಾಕುವುದು ಎಡಿಟಿಂಗ್ ಟೇಬಲ್ಲಿನಲ್ಲಿ. ನಿಯಮ ಮಾತ್ರ ಹಳೆಯದೇ: ಎರಡು ಟೇಕಿನ ನಡುವೆ ನಟನ ಹೊರತು ಬೇರೇನೂ ಬದಲಾಗಬಾರದು.

ಕ್ಯಾಮೆರಾದಿಂದ ಶುರುಮಾಡಿ. ಬೆಟ್ಟದ ನುಣುಪು ಬಂಡೆಯ ಮೇಲೆ ಟ್ರೈಪಾಡಿನ ಮೊಳೆಕಾಲು ಜಾರುತ್ತದೆ. ರಬ್ಬರ್ ಕಾಲು ಹಾಕಿ, ಮೂರೂ ಕಾಲಿಗೆ ಮರಳಿನ ಚೀಲ ಆನಿಸಿ, ನಡುಗಂಬದ ಕೊಕ್ಕೆಗೆ ಇನ್ನೊಂದು ಚೀಲವನ್ನು ನೆಲಕ್ಕೆ ತಾಗುವಂತೆ ಕಟ್ಟಿ. ತೂಗಾಡುವ ಚೀಲ ಗಾಳಿಗೆ ಕ್ಯಾಮೆರಾವನ್ನೇ ಅಲುಗಿಸುತ್ತದೆ. ಮರಳನ್ನು ಕೆಳಗಿಂದಲೇ ಹೊತ್ತೊಯ್ಯಬೇಕು, ಮೇಲೆ ಸಿಗುವುದಿಲ್ಲ. ಕ್ಯಾಮೆರಾದಲ್ಲೂ ಲೆನ್ಸಿನಲ್ಲೂ ಸ್ಟೆಬಿಲೈಸೇಶನ್ ಆಫ್ ಮಾಡಿ. ಟ್ರೈಪಾಡಿನ ಮೇಲಿದ್ದಾಗ ಅದು ಇಲ್ಲದ ಅಲುಗಾಟವನ್ನು ಸರಿಪಡಿಸಲು ಹೋಗಿ ಚಿತ್ರವನ್ನು ಮೆಲ್ಲಗೆ ತೇಲಿಸುತ್ತದೆ, ಗೆರೆಯ ಎರಡು ಬದಿ ಬೇರೆ ಬೇರೆಯಾಗಿ ತೇಲಿದರೆ ಸರಿಮಾಡುವುದು ಬಹಳ ಕಷ್ಟ. ಎಕ್ಸ್‌ಪೋಷರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎಲ್ಲ ಮ್ಯಾನುಯಲ್, ಕ್ಯಾಮೆರಾ ತಾನಾಗಿ ಬದಲಿಸುವಂತಿರಬಾರದು. ಬಿಸಿಲಿಗೆ ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್ ಇಟ್ಟು ಬಿಟ್ಟುಬಿಡಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ದೀಪಗಳ ಮಿಣುಕಾಟವೂ ಬರುವುದಿಲ್ಲ. ಶಟರ್ 1/50ರಲ್ಲೇ ಉಳಿಸಿ ಬಿಸಿಲನ್ನು ತಡೆಯಲು ಲೆನ್ಸಿನ ಮುಂದೆ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಬೇಕು.

ಫೋಕಸ್ ಅನ್ನುವುದು ಹೆಚ್ಚಿನವರು ಎಡವುವ ಜಾಗ. ಬಹಳಷ್ಟು ಲೆನ್ಸುಗಳಲ್ಲಿ ಫೋಕಸ್ ತಿರುಗಿಸಿದರೆ ಚಿತ್ರದ ಅಳತೆಯೇ ಕೂದಲೆಳೆಯಷ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಮೊದಲ ಟೇಕಿಗೆ ಒಂದು ದೂರ, ಎರಡನೆಯದಕ್ಕೆ ಇನ್ನೊಂದು ದೂರ ಇಟ್ಟರೆ ಹಿಂದಿನ ಗೋಡೆಯ ಕಲ್ಲುಸಾಲು ಗೆರೆಯಲ್ಲಿ ಕೂಡುವುದಿಲ್ಲ. ಆದ್ದರಿಂದ ಇಬ್ಬರೂ ಒಂದೇ ಫೋಕಸಿನಲ್ಲಿ ಸ್ಪಷ್ಟವಾಗಿ ಬರಬೇಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸು, ಅಪರ್ಚರ್ ಎಫ್ 8 ಇಟ್ಟು ಐದು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು ಎರಡೂವರೆ ಮೀಟರಿನಿಂದ ಹಿಡಿದು ದೂರದ ಬೆಟ್ಟದವರೆಗೆ ಎಲ್ಲ ಸ್ಪಷ್ಟ. ಅಲ್ಲಿಗೆ ತಂದು ರಿಂಗಿನ ಮೇಲೆ ಟೇಪ್ ಸುತ್ತಿ.

ಗೆರೆ ಎಲ್ಲಿ ಹಾಯಬೇಕೆಂಬುದನ್ನು ನಟರನ್ನು ನಿಲ್ಲಿಸುವ ಮೊದಲೇ ತೀರ್ಮಾನಿಸಿ. ಅದು ನೆಟ್ಟಗಿರಬೇಕಾಗಿಲ್ಲ, ಕಂಬದ ಅಂಚು, ಬಾಗಿಲುವಾಡ, ಬಂಡೆಯ ಸೀಳು ಹಿಡಿದು ಹೇಗೆ ಬೇಕಾದರೂ ಬಾಗಬಹುದು. ಆದರೆ ಅದರ ಮೇಲೆ ಅಲುಗುವಂಥದ್ದು ಏನೂ ಬೀಳಬಾರದು: ಹುಲ್ಲು, ಎಲೆ, ಬಾವುಟ, ಪಂಜಿನ ಉರಿ, ಓಡುವ ಮೋಡ. ಬಂಡೆ ಕಾದ ಮೇಲೆ ಅದರ ಮೇಲಿನ ಗಾಳಿ ನಡುಗುತ್ತದೆ, ಉದ್ದನೆಯ ಲೆನ್ಸಿನಲ್ಲಿ ಹಿಂದಿನ ಗೋಡೆಯೇ ಅಲೆಯಾಡಿದಂತೆ ಕಾಣುತ್ತದೆ. ಗೆರೆ ಹಾಯುವ ಶಾಟಿಗೆ ಅಗಲ ಲೆನ್ಸು, ಹತ್ತಿರದ ಗೋಡೆ ಒಳ್ಳೆಯದು. ಒಬ್ಬನ ನೆರಳು ಇನ್ನೊಬ್ಬನ ಕಡೆಗೆ ಗೆರೆ ದಾಟಿದರೆ ಅಲ್ಲೇ ಕಡಿದು ಹೋಗುತ್ತದೆ, ಅದನ್ನೂ ನೋಡಿಕೊಳ್ಳಿ.

ನೆರಳು ಕಾಯುವುದಿಲ್ಲ

ಅರಸನಿಂದ ಕಮ್ಮಾರನಾಗಲು ಪೇಟ ಬಿಚ್ಚಿ, ಒಡವೆ ತೆಗೆದು, ಮುಖ ತೊಳೆದು, ಮಸಿ ಬಳಿದು ಬರುವುದಕ್ಕೆ ಸಲೀಸಾಗಿ 40 ನಿಮಿಷ ಹಿಡಿಯುತ್ತದೆ. ಆಕಾಶದಲ್ಲಿ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಅಂದರೆ ಅಷ್ಟರಲ್ಲಿ ಹತ್ತು ಡಿಗ್ರಿ. ಮಾರ್ಚ್ ಮೂರನೇ ವಾರ ಮಧುಗಿರಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಬಿಸಿಲು ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ. ಉತ್ತರ ದಕ್ಷಿಣಕ್ಕೆ ಓಡುವ ಮೂರು ಮೀಟರ್ ಎತ್ತರದ ಗೋಡೆಯ ನೆರಳು ಆಗ ಐದು ಮೀಟರಿಗಿಂತ ಉದ್ದ. ವೇಷ ಬದಲಿಸಿಕೊಂಡು ಬರುವಷ್ಟರಲ್ಲಿ ಅದು ಸುಮಾರು ಒಂದೂವರೆ ಮೀಟರ್ ಹಿಂದೆ ಸರಿದಿರುತ್ತದೆ. ಎರಡು ಟೇಕ್ ಜೋಡಿಸಿದರೆ ಫ್ರೇಮಿನ ನಟ್ಟನಡುವೆ ನೆರಳು ಮೆಟ್ಟಿಲಿನಂತೆ ಮುರಿದು ಬೀಳುತ್ತದೆ. ಬಣ್ಣ ತಿದ್ದಿ ಇದನ್ನು ಮರೆಮಾಚಲಾಗದು.

ಉಪಾಯಗಳಿವೆ. ಮಂಟಪದ ಒಳಗೆ, ಬಿಸಿಲು ನೇರ ಬೀಳದ ಕಡೆ ತೆಗೆಯುವುದು ಎಲ್ಲಕ್ಕಿಂತ ಸುಲಭ. ಇಡೀ ಆಕಾಶ ಒಂದೇ ಸಮ ಮುಚ್ಚಿದ ದಿನ ಸಿಕ್ಕರೆ ಬಯಲಿನಲ್ಲೂ ಸಾಧ್ಯ, ತುಂಡು ಮೋಡದ ದಿನ ಬೇಡವೇ ಬೇಡ. ಬಿಸಿಲೇ ಬೇಕೆಂದರೆ ಡಿಸೆಂಬರ್ ಕೊನೆಗೆ ಬನ್ನಿ. ಆಗ ನಮ್ಮ ಕಡೆ ನಡುಹಗಲು ಅಂದರೆ 12 ಗಂಟೆಯಲ್ಲ, ಸುಮಾರು 12:20. ಅದಕ್ಕೆ 20 ನಿಮಿಷ ಮುಂಚೆ ಮೊದಲ ಟೇಕ್, 20 ನಿಮಿಷ ನಂತರ ಎರಡನೆಯದು ತೆಗೆದರೆ, ಪೂರ್ವ ಪಶ್ಚಿಮಕ್ಕೆ ಓಡುವ ಮೂರು ಮೀಟರ್ ಗೋಡೆಯ ನೆರಳಿನ ಅಂಚು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ನಿಂತ ಮನುಷ್ಯನ ನೆರಳಿನ ತುದಿ ಮಾತ್ರ ಒಂದಡಿಯಷ್ಟು ಪಕ್ಕಕ್ಕೆ ಹೊರಳಿರುತ್ತದೆ, ಆದರೆ ಇಬ್ಬರ ನೆರಳೂ ಅವರವರ ಬದಿಯಲ್ಲೇ ಬೀಳುವುದರಿಂದ ಅಷ್ಟು ವ್ಯತ್ಯಾಸ ಕಣ್ಣಿಗೆ ಬೀಳದು. ಏಪ್ರಿಲ್ ಕೊನೆ ಮತ್ತು ಆಗಸ್ಟ್ ನಡುವಿನಲ್ಲಿ ಸೂರ್ಯ ನೆತ್ತಿಗೇ ಬರುತ್ತಾನೆ. ಆಗ ನಡುಹಗಲು ಪೇಟದ ಕೆಳಗೆ ಕಣ್ಣೇ ಕಾಣುವುದಿಲ್ಲ, ನೆರಳು ಪಶ್ಚಿಮದಿಂದ ಪೂರ್ವಕ್ಕೆ ಮಗುಚಿಬಿಡುತ್ತದೆ. ಆ ದಿನಗಳಲ್ಲಿ ಮಧ್ಯಾಹ್ನದ ಜೋಡಿ ಶಾಟ್ ಇಟ್ಟುಕೊಳ್ಳಬೇಡಿ.

ಬಟ್ಟೆಯ ಎಣಿಕೆಯೂ ಸಮಯಕ್ಕೇ ಸಂಬಂಧಿಸಿದ್ದು. ನಟನ ಬದಲಿಗೆ ಕ್ಯಾಮೆರಾಕ್ಕೆ ಬೆನ್ನು ತೋರಿಸಿ ನಿಲ್ಲುವ ಡೂಪ್ ಒಬ್ಬ ಬೇಕೇ ಬೇಕು. ಅರಸನ ಉಡುಪು ನಟನಿಗೊಂದು, ಡೂಪಿಗೊಂದು, ಕಮ್ಮಾರನದೂ ಹಾಗೆಯೇ, ಬೆವರಿಗೆ, ಹರಿಯುವುದಕ್ಕೆ ತಲಾ ಒಂದು ಹೆಚ್ಚಿಗೆ. ಒಟ್ಟು ಆರು ಜೊತೆ. ಡ್ರಾಮಾ ಸೀನರಿಯಲ್ಲಿ ಅರಸನ ಡ್ರೆಸ್ ಕೇಳಿದರೆ ಸಿಗುವುದು ಸಾಮಾನ್ಯವಾಗಿ ಒಂದೊಂದೇ, ಒಂದರ ಜರಿ ಇನ್ನೊಂದಕ್ಕೆ ಕೂಡುವುದಿಲ್ಲ. ರಂಗದ ದೀಪಕ್ಕೆಂದು ಮಾಡಿದ ಮಿಂಚು ಬಿಸಿಲಿನಲ್ಲಿ ಕ್ಯಾಮೆರಾಕ್ಕೆ ಚುಚ್ಚುತ್ತದೆ ಕೂಡ. ಕಿರೀಟ, ಭುಜಕೀರ್ತಿ ಬಾಡಿಗೆಗೆ ತನ್ನಿ, ಬಟ್ಟೆಯನ್ನು ಒಂದೇ ಥಾನಿನಿಂದ ಒಂದೇ ದಿನ ಹೊಲಿಸಿ. ಪೇಟವನ್ನು ಪ್ರತಿ ಸಲ ಸುತ್ತುವುದು ಬೇಡ. ಟೋಪಿಯ ಮೇಲೆ ಸುತ್ತಿ ಮಡಿಕೆಗಳನ್ನು ಹೊಲಿದುಬಿಡಿ, ಎಲ್ಲ ಪೇಟಕ್ಕೂ ಮಡಿಕೆಗಳ ಎಣಿಕೆ ಒಂದೇ ಇರಲಿ. ಇದೊಂದರಿಂದಲೇ ವೇಷ ಬದಲಿಸುವ ಹೊತ್ತು ಎಷ್ಟೋ ಉಳಿಯುತ್ತದೆ.

ಇಲ್ಲದವನ ಜೊತೆ ಮಾತು

ನಟನಿಗೆ ಕಷ್ಟದ ಕೆಲಸ ಮಾತಾಡುವುದಲ್ಲ, ಕೇಳಿಸಿಕೊಳ್ಳುವುದು. ಎದುರಿನ ಪಾತ್ರ ಇನ್ನೂ ಹುಟ್ಟಿಯೇ ಇಲ್ಲ, ಅದು ಅವನೇ, 40 ನಿಮಿಷ ಬಿಟ್ಟು ಬರುವವನು. ಹಾಗಾಗಿ ಡೂಪ್ ಬರೀ ಮೈಕಟ್ಟು ಹೊಂದುವವನಾದರೆ ಸಾಲದು, ಎರಡೂ ಪಾತ್ರದ ಮಾತು, ನಿಲುಗಡೆ, ಉಸಿರು ಬಲ್ಲವನಾಗಿರಬೇಕು. ನಮ್ಮ ಹಳ್ಳಿ ನಾಟಕದವರಲ್ಲಿ ಇಂಥವರು ಸಿಗುತ್ತಾರೆ. ನಾಟಕದ ಮೇಷ್ಟ್ರನ್ನು ಕ್ಯಾಮೆರಾ ಪಕ್ಕ ಕೂರಿಸಿ, ಮಾತಿನ ಕಾಲವನ್ನು ಅವರು ತಾಳದಂತೆ ಹಿಡಿದಿಡಬಲ್ಲರು.

ದೃಶ್ಯವನ್ನು ನಡೆಸುವ ಪಾತ್ರ ಯಾವುದೋ ಅದನ್ನು ಮೊದಲು ತೆಗೆಯಿರಿ. ಅರಸು ಸಿಟ್ಟಿನಿಂದ ಮಾತಾಡುತ್ತಾ ಕಮ್ಮಾರ ಉತ್ತರಿಸುವ ದೃಶ್ಯವಾದರೆ ಅರಸು ಮೊದಲು. ಮೂರು ನಾಲ್ಕು ಟೇಕ್ ಆದ ಮೇಲೆ ನಿರ್ದೇಶಕರು ಅಲ್ಲೇ, ವೇಷ ಕಳಚುವ ಮೊದಲೇ, ಇದೇ ಟೇಕ್ ಎಂದು ಒಂದನ್ನು ಆರಿಸಿ ಕ್ಲಾಪಿನ ಸಂಖ್ಯೆ ಬರೆಸಬೇಕು. ಆಮೇಲೆ ನೋಡಿದರಾಯಿತು ಅಂದುಕೊಂಡರೆ ಎರಡನೇ ಬದಿಯ ಟೇಕುಗಳು ಯಾವುದಕ್ಕೂ ಹೊಂದುವುದಿಲ್ಲ. ಆರಿಸಿದ ಟೇಕಿನ ಧ್ವನಿಯನ್ನು ಫೋನಿಗೆ ಹಾಕಿ, ಕಾಣದಂತೆ ಅಡಗಿಸಿದ ಸಣ್ಣ ಇಯರ್‌ಬಡ್‌ನಲ್ಲಿ ನಟನಿಗೆ ಕೇಳಿಸಿ. ಅವನು ತನ್ನದೇ ದನಿಗೆ ಉತ್ತರ ಕೊಡುತ್ತಾನೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಬೀಳದಂತೆ ಅರ್ಧ ಸೆಕೆಂಡಿನ ಬಿಡುವು ಇರಲಿ. ಜಗಳದ ಕಾವಿಗೆ ಮಾತು ಮೇಲೆ ಮಾತು ಬೇಕಾದರೆ ಡಬ್ಬಿಂಗಿನಲ್ಲಿ ಸೇರಿಸಿಕೊಳ್ಳಬಹುದು.

ದೃಷ್ಟಿ ತಪ್ಪುವುದು ಇನ್ನೊಂದು ಸಾಮಾನ್ಯ ದೋಷ. ಇಬ್ಬರೂ ಒಂದೇ ಎತ್ತರದವರಾದ್ದರಿಂದ ನೋಟ ನೆಟ್ಟಗೆ ಹೋಗಬೇಕು, ಎರಡು ಅಂಗುಲ ಹೆಚ್ಚುಕಡಿಮೆಯಾದರೂ ಒಬ್ಬ ಇನ್ನೊಬ್ಬನ ಕಿವಿಯನ್ನೋ ಕೊರಳನ್ನೋ ನೋಡುತ್ತಿರುವಂತೆ ಕಾಣುತ್ತದೆ. ಡೂಪ್ ನಿಲ್ಲುವ ಜಾಗದಲ್ಲಿ ಕೋಲಿಗೆ ಒಂದು ಚೆಂಡು ಸಿಕ್ಕಿಸಿ, ನಟನ ಕಣ್ಣಿನ ಎತ್ತರವನ್ನು ದಾರದಲ್ಲಿ ಅಳೆದು ಅದನ್ನು ನಿಲ್ಲಿಸಿ. ಡೂಪ್ ಗೆರೆಯೊಳಗೆ ಬರಬೇಕಾದಾಗ ಮಾತ್ರ ಚೆಂಡು ತೆಗೆದು ಅವನನ್ನು ನಿಲ್ಲಿಸಿ. ಎಲ್ಲ ಮುಗಿದ ಮೇಲೆ ಯಾರೂ ಇಲ್ಲದ ಖಾಲಿ ಫ್ರೇಮನ್ನು ಒಂದು ನಿಮಿಷ ತೆಗೆದಿಟ್ಟುಕೊಳ್ಳಿ. ಗೆರೆಯ ಬಳಿ ಏನಾದರೂ ಕೆಟ್ಟರೆ ತೇಪೆ ಹಾಕಲು ಅದೇ ಆಧಾರ.

ಇಬ್ಬರೂ ಒಟ್ಟಿಗೆ ಕಾಣುವ ಶಾಟುಗಳನ್ನು ಮಿತವಾಗಿ ಬಳಸಬೇಕು ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಮೊದಲ ಭೇಟಿ, ಬಟ್ಟೆ ಬದಲಾಗುವ ಹೊತ್ತು, ಕೊನೆಯ ಎದುರಾಟ, ಈ ಮೂರು ಕಡೆ ಸಾಕು. ಉಳಿದ ಕಡೆಯೆಲ್ಲ ಡೂಪಿನ ಭುಜದ ಮೇಲಿಂದ ನಟನ ಮುಖ, ಮತ್ತೆ ತಿರುಗಿಸಿ ಅದೇ. ದೃಶ್ಯದ ಆರಂಭದಲ್ಲೇ ಇಬ್ಬರನ್ನೂ ಐದಾರು ಸೆಕೆಂಡ್ ಒಂದೇ ಫ್ರೇಮಿನಲ್ಲಿ ತೋರಿಸಿಬಿಟ್ಟರೆ ಪ್ರೇಕ್ಷಕರು ಗೆರೆ ಹುಡುಕುವುದನ್ನು ಬಿಟ್ಟು ಮಾತು ಕೇಳತೊಡಗುತ್ತಾರೆ. 4ಕೆಯಲ್ಲಿ ತೆಗೆದು ಸಾಮಾನ್ಯ ಎಚ್‌ಡಿ ಅಳತೆಯಲ್ಲಿ ಮುಗಿಸುವುದಾದರೆ, ಜೋಡಿಸಿದ ಮೇಲೆ ಎಡಿಟಿಂಗಿನಲ್ಲೇ ಚಿತ್ರವನ್ನು ಮೆಲ್ಲಗೆ ಮುಂದಕ್ಕೆ ಸರಿಸಬಹುದು. ಕ್ಯಾಮೆರಾ ಚಲಿಸಿದಂತೆ ಕಾಣುವುದರಿಂದ ಕಟ್ಟಿಹಾಕಿದ ಶಾಟೆಂಬ ಅನುಮಾನವೇ ಬರುವುದಿಲ್ಲ.

ಮುಟ್ಟುವುದು ಮಾತ್ರ ಬೇರೆ ಲೆಕ್ಕ. ಒಬ್ಬನ ಕೈ ಇನ್ನೊಬ್ಬನ ಭುಜದ ಮೇಲೆ ಬರಬೇಕಾದರೆ ಡೂಪ್ ತನ್ನ ಕೈಯನ್ನು ನಿಜವಾಗಿ ನಟನ ಭುಜದ ಮೇಲಿಟ್ಟು ನಿಲ್ಲುತ್ತಾನೆ. ಎರಡನೇ ಟೇಕಿನಲ್ಲಿ ನಟ ಡೂಪಿನ ಜಾಗದಲ್ಲಿ ಅದೇ ಎತ್ತರಕ್ಕೆ ಕೈ ಚಾಚುತ್ತಾನೆ, ಗೆರೆಯನ್ನು ತೋಳಿನ ಮಡಿಕೆಯಲ್ಲೋ ಮುಂಗೈಯ ಕಡಗದ ಅಂಚಿನಲ್ಲೋ ಹಾಯಿಸುತ್ತಾರೆ. ಕಡಗ ಇಲ್ಲಿ ಒಡವೆಗಿಂತ ಹೆಚ್ಚಾಗಿ ಗೆರೆ ಮುಚ್ಚುವ ಸಾಧನ. ಎರಡೂ ಟೇಕಿನಲ್ಲಿ ಕೈ ಒಂದೇ ಎತ್ತರದಲ್ಲಿರಲು ಮೊಣಕೈ ಕೆಳಗೆ, ಫ್ರೇಮಿಗೆ ಕಾಣದಂತೆ, ಒಂದು ಕವೆಗೋಲು ನಿಲ್ಲಿಸಿ. ಕತ್ತಿವರಸೆಯಲ್ಲಿ ಓಡಾಟವೆಲ್ಲ ಡೂಪಿನ ಜೊತೆ, ಒಬ್ಬನ ಮುಖ ಮಾತ್ರ ಕಾಣುವಂತೆ. ಕತ್ತಿಗೆ ಕತ್ತಿ ಸಿಕ್ಕಿ ಇಬ್ಬರೂ ಸ್ತಬ್ಧರಾಗುವ ಒಂದೇ ಒಂದು ಕ್ಷಣವನ್ನು ಗೆರೆ ಹಾಕಿ ತೆಗೆಯುವುದು.

ಮಧುಗಿರಿ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಶೂಟಿಂಗಿಗೆ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಗೋಡೆಗೆ ಮೊಳೆ ಹೊಡೆಯುವುದು, ಬಣ್ಣ ಬಳಿಯುವುದು, ಪಂಜು ಹಚ್ಚುವುದು ಯೋಚಿಸಲೇ ಬೇಡಿ. ಪಂಜಿನ ದೃಶ್ಯಕ್ಕೆ ಬೇರೆಲ್ಲಾದರೂ ಗೋಡೆಯ ಸೆಟ್ ಹಾಕಿಕೊಳ್ಳಿ. ಬೆಟ್ಟದ ಇಳಿಜಾರಿನಲ್ಲಿ ಮಳೆ ಬಿದ್ದರೆ ಬಂಡೆ ಜಾರುತ್ತದೆ, ಕಂಬಿ ಹಿಡಿದು ಹತ್ತುವ ಜಾಗಗಳಲ್ಲಿ ಒಬ್ಬನ ಹೆಗಲಿಗೆ ಒಂದೇ ಹೊರೆ ಇರಲಿ, ಎರಡೂ ಕೈ ಖಾಲಿ ಇರಲಿ. ನೀರು ಮೇಲೆ ಸಿಗುತ್ತದೆಂದು ನಂಬಬೇಡಿ. ಕತ್ತಲಾಗುವ ಮೊದಲು ಇಳಿಯುವಂತೆ ಕೊನೆಯ ಶಾಟ್ ಇಟ್ಟುಕೊಳ್ಳಿ, ಆ ಸೀಮೆಯಲ್ಲಿ ಕರಡಿ ಓಡಾಡುತ್ತವೆ.

ಜೋಡಿಸುವಾಗ ಆರಿಸಿದ ಟೇಕನ್ನು ಕೆಳಗಿನ ಪದರದಲ್ಲಿಟ್ಟು, ಎರಡನೆಯದನ್ನು ಮೇಲಿಟ್ಟು ಮೊದಲು ಅರ್ಧ ಪಾರದರ್ಶಕ ಮಾಡಿ ನೋಡಿ. ಹಿಂದಿನ ಕಲ್ಲುಸಾಲು ಎರಡೆರಡಾಗಿ ಕಂಡರೆ ಟ್ರೈಪಾಡ್ ಅಲುಗಿದೆ ಎಂದರ್ಥ; ಒಂದೋ ಎರಡೋ ಪಿಕ್ಸೆಲ್ ಸರಿಸಿ ಕೂಡಿಸಿಕೊಳ್ಳಿ. ಆಮೇಲೆ ಮಾಸ್ಕ್ ಎಳೆದು ಅಂಚನ್ನು 10ರಿಂದ 20 ಪಿಕ್ಸೆಲ್ ಮಸುಕು ಮಾಡಿ. ಹೆಚ್ಚು ಮಸುಕು ಮಾಡಿದರೆ ಗೆರೆಯ ಬಳಿ ನಿಂತವನ ತೋಳು ದೆವ್ವದಂತೆ ಕರಗುತ್ತದೆ. ಬಣ್ಣ ತಿದ್ದುವುದು ಎರಡನ್ನೂ ಸೇರಿಸಿದ ಮೇಲೆ, ಬೇರೆ ಬೇರೆಯಾಗಿ ಅಲ್ಲ. ಲ್ಯಾಪ್‌ಟಾಪಿನಲ್ಲಿ ಸರಿ ಕಂಡದ್ದನ್ನು ದೊಡ್ಡ ಟೀವಿಗೆ ಹಾಕಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ ಒಮ್ಮೆ, ಚಿತ್ರವನ್ನು ಎಡಬಲ ಮಗುಚಿ ಇನ್ನೊಮ್ಮೆ ನೋಡಿ. ಮಗುಚಿದಾಗ ಕಣ್ಣಿಗೆ ಹೊಸದಾಗಿ ಕಾಣುವುದರಿಂದ ನೆರಳಿನ ಮುರಿತ, ನೋಟದ ತಪ್ಪು ತಟ್ಟನೆ ಸಿಕ್ಕಿಬೀಳುತ್ತದೆ. ಕೊನೆಗೆ ಧ್ವನಿ ಪೂರ್ತಿ ಮುಚ್ಚಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ಅದಲು ಬದಲಾದ ನಂತರದ ದೃಶ್ಯ ತೋರಿಸಿ, ಇದರಲ್ಲಿ ಕಮ್ಮಾರ ಯಾರು ಎಂದು ಕೇಳಿ. ಬಟ್ಟೆ ನೋಡಿ ಹೇಳಿದರೆ ನಟನ ಭುಜ, ಮುಷ್ಟಿ, ಕೂರುವ ಬಗೆಯ ಮೇಲೆ ಇನ್ನೂ ಕೆಲಸ ಬಾಕಿ ಇದೆ, ಆ ದೃಶ್ಯವನ್ನು ಮತ್ತೆ ತೆಗೆಯಬೇಕು.